ಗೋಡೆಯೊಳಗಿನ ಎಲ್ಬೋ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿರುವ ಸಂತಸದ ಸುದ್ದಿಯನ್ನು ತಿಳಿಸಿದ. ಕೊನೆಗೆ, "ಸಾರ್, ನಲ್ಲಿ ಕೆಲಸಕ್ಕೆ ಪ್ಲಾಸ್ಟಿಕ್ ಪೈಪನ್ನು ನಂಬಬಹುದೇ?" ಎಂದು ಕೇಳಿದ. ಮೂರು ದಶಕ ಭೌತಶಾಸ್ತ್ರ ಬೋಧಿಸಿದ ಮೇಷ್ಟರಿಗೆ ಇದು ತಿಳಿದಿರಲೇಬೇಕೆಂಬುದು ಅವನ ನಂಬಿಕೆ. ನಾನಾದರೋ ಇದರ ಉತ್ತರವನ್ನು ಕಲಿತದ್ದು ಸ್ವಂತ ಮನೆಯ ಗೋಡೆ ಒಡೆಸಿದ ಮೇಲೆ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ತಂದೆಯವರು ಕಬ್ಬಿಣದ ಕಾರ್ಖಾನೆಯ ನೌಕರರು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೂಡಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯಲ್ಲಿ ಎರಕದ ಕಬ್ಬಿಣದ ಕೊಳವೆಗಳೂ ತಯಾರಾಗುತ್ತಿದ್ದವು. ಅಂಥ ಊರಿನಲ್ಲಿ ಪ್ಲಾಸ್ಟಿಕ್ ಕೊಳವೆಗೆ ಮರ್ಯಾದೆ ಎಲ್ಲಿಯದು? "ಇದು ತೋಟಕ್ಕೆ ಸರಿ, ಮನೆಗಲ್ಲ" ಎನ್ನುತ್ತಿದ್ದರು ತಂದೆಯವರು. ನಲ್ಲಿ ಕೆಲಸದವನು ಜಿ.ಐ. ಕೊಳವೆಗೆ ಡೈ ಹಾಕಿ ತಿರುಪು ಕೊರೆದು, ಸೆಣಬಿನ ನಾರು ಸುತ್ತಿ, ಬಣ್ಣ ಬಳಿದು, ಎರಡು ರೆಂಚು ಹಿಡಿದು ಬಿಗಿಯುತ್ತಿದ್ದ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದೇ ಕೊಳವೆ ಒಳಗೊಳಗೇ ತುಕ್ಕು ತಿಂದು, ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು ಬರುತ್ತಿದ್ದುದನ್ನೂ ಮರೆಯಲಾಗದು.

2008ರಲ್ಲಿ ಶಿವಮೊಗ್ಗದಲ್ಲಿ ನಾನೊಂದು ಸಣ್ಣ ಮನೆ ಕಟ್ಟಿಸಿದೆ. ಗುತ್ತಿಗೆದಾರರು ತಣ್ಣೀರಿಗೂ, ಸೋಲಾರ್ ಬಿಸಿನೀರಿಗೂ ಒಂದೇ ಬಿಳಿಯ ಪಿವಿಸಿ ಕೊಳವೆಯನ್ನು ಹಾಕಿಸಿದರು. ಗಿಲಾವಿಗೆ ಎರಡು ದಿನ ಮುಂಚೆ, ಪ್ಲಂಬರ್ ಆಗಿದ್ದ ನನ್ನ ಶಿಷ್ಯನೊಬ್ಬ ಮನೆ ನೋಡಲು ಬಂದ. ಎಸ್ಸೆಸ್ಸೆಲ್ಸಿ ದಾಟಲಾಗದ, ಕೊನೆಯ ಬೆಂಚಿನ ಹುಡುಗ. ಗೋಡೆಯ ಮುಂದೆ ನಿಂತು ಅವನೆಂದ:

"ಸಾರ್, ಬಿಸಿನೀರಿನ ಲೈನಿಗೂ ಬಿಳೀ ಪೈಪೇ ಹಾಕ್ಸಿದೀರಲ್ಲ. ಇದು ತಣ್ಣೀರಿಗೆ ಮಾತ್ರ ಸಾರ್. ಈಗ್ಲೇ ತೆಗ್ಸಿಬಿಡಿ, ಗಿಲಾವಾದ್ಮೇಲೆ ಏನೂ ಮಾಡಕ್ಕಾಗಲ್ಲ."

ಕೆಲವು ಸಾವಿರ ರೂಪಾಯಿಗಳ ಮಾತು. "ನೋಡೋಣಪ್ಪ" ಎಂದೆ. ಪರೀಕ್ಷೆಯಲ್ಲಿ ನಪಾಸಾದವನು ನನಗೇನು ಹೇಳಿಕೊಡುವುದು ಎಂಬ ಭಾವವೂ ಒಳಗಿತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ವರ್ಷ ಸ್ನಾನದ ಮನೆಯ ಗೋಡೆಯೊಳಗೆ ಒಂದು ಎಲ್ಬೋ ಸಡಿಲವಾಯಿತು. ನೀರು ಚಿಮ್ಮಲಿಲ್ಲ, ಸದ್ದಾಗಲಿಲ್ಲ. ಸದ್ದಿಲ್ಲದೆ ಒಸರುತ್ತಲೇ ಇತ್ತು. ಆಚೆ ಬದಿಯಲ್ಲಿ ನನ್ನ ಪುಸ್ತಕಗಳ ಕಪಾಟು. ಬೇಸಿಗೆಗೆ ಮಗಳ ಊರಿಗೆ ಹೋಗಿ ತಿಂಗಳ ನಂತರ ಮರಳಿದಾಗ ಕೆಳಗಿನ ಅರೆ ಪೂರ್ತಿ ನೆಂದು ಬೂಸಲು ಹಿಡಿದಿತ್ತು. ಅಲ್ಲಿದ್ದದ್ದು ನಿಮ್ಮೆಲ್ಲರ ಬೀಳ್ಕೊಡುಗೆ ಸಮಾರಂಭಗಳ ಗುಂಪು ಫೋಟೋಗಳು.

ಇದರಲ್ಲಿ ಪ್ಲಾಸ್ಟಿಕ್ಕಿನ ತಪ್ಪೆಷ್ಟು? ನನ್ನ ಅಭಿಪ್ರಾಯದಲ್ಲಿ ಏನೂ ಇಲ್ಲ. ಸಾಮಾನ್ಯ ಪಿವಿಸಿ ತಣ್ಣೀರಿಗೆ ಉತ್ತಮ ವಸ್ತು. ಆದರೆ ನೀರಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಒತ್ತಡ ತಾಳುವ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿದರೆ ಸಿಪಿವಿಸಿ ಆಗುತ್ತದೆ. ಕ್ಲೋರಿನ್ ಪ್ರಮಾಣ ಶೇಕಡಾ 57ರಿಂದ 63–67ಕ್ಕೆ ಏರುವ ಈ ಬದಲಾವಣೆಯಿಂದಲೇ ಅದು ಬಿಸಿನೀರನ್ನು ತಾಳಬಲ್ಲದು. ನಮ್ಮಲ್ಲಿ ಇದು ಸಾಮಾನ್ಯವಾಗಿ ಕೆನೆಬಣ್ಣದ್ದು. ಬಣ್ಣವೊಂದನ್ನೇ ನಂಬದೆ, ಕೊಳವೆಯ ಮೇಲೆ 'ಸಿಪಿವಿಸಿ' ಎಂಬ ಅಕ್ಷರಗಳನ್ನೂ 'ಐಎಸ್ 15778' ಎಂಬ ಸಂಖ್ಯೆಯನ್ನೂ ಓದಿ ನೋಡಿ.

ಇನ್ನು ಉಷ್ಣದ ವ್ಯಾಕೋಚನ. ಚೆಂಡು ಬಳೆಯ ಪ್ರಯೋಗ ಮಾಡಿ ತೋರಿಸಿ, ರೈಲು ಹಳಿಗಳ ನಡುವಿನ ಸಂದಿನ ಕಾರಣ ಕೇಳಿ, ತಪ್ಪು ಹೇಳಿದವರನ್ನು ನಿಲ್ಲಿಸುತ್ತಿದ್ದೆನಲ್ಲವೇ? 10 ಮೀಟರ್ ಕೊಳವೆಯ ಶಾಖ 40 ಡಿಗ್ರಿ ಏರಿದರೆ ಕಬ್ಬಿಣ ಸುಮಾರು 5 ಮಿ.ಮೀ. ಹಿಗ್ಗುತ್ತದೆ, ಸಿಪಿವಿಸಿ ಸುಮಾರು 25 ಮಿ.ಮೀ. ಆ ಎಳೆದಾಟವೆಲ್ಲ ಬಂದು ಬೀಳುವುದು ಎಲ್ಬೋ, ಟೀ, ಕಪ್ಲರುಗಳ ಮೇಲೆ. ಉದ್ದದ ಲೈನಿನಲ್ಲಿ ಹಿಗ್ಗಲು ತಿರುವು ಕೊಡಬೇಕು, ಕ್ಲಾಂಪನ್ನು ಉಸಿರುಗಟ್ಟುವಂತೆ ಬಿಗಿಯಬಾರದು. ಪಾಠ ಹೇಳಿದವನಿಗೇ ಅದು ನೆನಪಾಗಲಿಲ್ಲ.

ನನಗೆ ಮುಖ್ಯವೆನಿಸುವ ಮಾತು ಇನ್ನೊಂದಿದೆ. ಕಬ್ಬಿಣದ ಜೋಡಣೆ ಕಷ್ಟದ್ದು. ಬಾರದವನು ಅದಕ್ಕೆ ಕೈ ಹಾಕುತ್ತಿರಲಿಲ್ಲ. ಪ್ಲಾಸ್ಟಿಕ್ಕಿನದು ಸುಲಭ. ಗರಗಸದಿಂದ ಕೊಯ್ದು, ಸಾಲ್ವೆಂಟ್ ಬಳಿದು, ಒತ್ತಿದರೆ ಆಯಿತು. ಈ ಸುಲಭತೆಯೇ ಅಪಾಯ. ಸಾಲ್ವೆಂಟ್ ಎಂಬುದು ಬರಿಯ ಅಂಟಲ್ಲ. ಎರಡೂ ಮೈಗಳನ್ನು ಕರಗಿಸಿ ಒಂದು ಮಾಡುವ ಬೆಸುಗೆ. ಕೊಯ್ದ ಅಂಚು ನೇರವಾಗಿರಬೇಕು, ತರಿ ತೆಗೆದು ಒರೆಸಿರಬೇಕು, ಸಿಪಿವಿಸಿಗೆ ಸಿಪಿವಿಸಿಯದೇ ಸಾಲ್ವೆಂಟ್ ಆಗಬೇಕು, ಕಾಲು ಸುತ್ತು ತಿರುಗಿಸಿ ಕೂರಿಸಿ ಅರೆ ನಿಮಿಷ ಅದುಮಿ ಹಿಡಿಯಬೇಕು. ನಲ್ಲಿ ಕೂರುವೆಡೆ ಹಿತ್ತಾಳೆಯ ತಿರುಪಿರುವ ಫಿಟ್ಟಿಂಗನ್ನೇ ಹಾಕಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾದು, ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಿದ ಮೇಲೆಯೇ ಗಿಲಾವು. ಅದಕ್ಕೂ ಮುನ್ನ ಗೋಡೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇವೆಲ್ಲಕ್ಕೂ ಬೇಕಾದದ್ದು ಕೆಲಸಗಾರನ ಅರ್ಧ ದಿನದ ಸಮಯ. ನಾವು ಕೊಡದಿರುವುದೂ ಅದನ್ನೇ. ಕಣ್ಣಿಗೆ ಕಾಣುವ ಟೈಲ್ಸಿಗೆ ಲಕ್ಷ ಸುರಿದು, ಕಾಣದ ಎಲ್ಬೋಗೆ ಹತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ. "ಸಂಜೆಯೊಳಗೆ ಮುಗಿಸು" ಎಂದು ಅವಸರಪಡಿಸಿ, ಸೋರಿದಾಗ ಪ್ಲಾಸ್ಟಿಕ್ಕನ್ನು ಬೈಯುತ್ತೇವೆ. ಮನೆ ಕಟ್ಟಿಸುವವರು ಬಲ್ಲ ಪ್ಲಂಬರನನ್ನು ಹುಡುಕಿ, ಅವನ ಮಾತಿಗೆ ಎಂಜಿನಿಯರರ ಮಾತಿನಷ್ಟೇ ಬೆಲೆ ಕೊಡಲಿ ಎಂಬುದು ನನ್ನ ವಿನಂತಿ.

ಗೋಡೆ ಒಡೆದು ಸರಿಪಡಿಸಲು ಬಂದವನು ಅದೇ ಶಿಷ್ಯ. "ಅವತ್ತೇ ಹೇಳಿದ್ದೆ" ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಕೆಲಸ ಮುಗಿಸಿ, ಬಿಸಿಲಿಗೆ ಹರಡಿದ್ದ ಫೋಟೋಗಳಲ್ಲಿ 1994ರದನ್ನು ಎತ್ತಿ ಬಹಳ ಹೊತ್ತು ನೋಡಿದ. ಹಿಂದಿನ ಸಾಲಿನ ಮುಖಗಳೆಲ್ಲ ಅಳಿಸಿಹೋಗಿದ್ದವು. "ಇಲ್ಲೇ ಎಲ್ಲೋ ನಿಂತಿದ್ದೆ ಸಾರ್" ಎಂದ.

1994ರ ತಂಡದವರಲ್ಲಿ ಯಾರ ಬಳಿಯಾದರೂ ಆ ಫೋಟೋ ಉಳಿದಿದ್ದರೆ ದಯವಿಟ್ಟು ಒಂದು ಪ್ರತಿ ಕಳುಹಿಸಿಕೊಡಿ. ಅದನ್ನು ಅವನಿಗೆ ತಲುಪಿಸಬೇಕಾದ ಋಣ ನನ್ನ ಮೇಲಿದೆ.