ಓಡದು ಆಮೇಲೆ, ನಿಲ್ಲದು ಮೊದ್ಲು

ಹೋದ ಸಲ ಹಲಸಿನ ಹಪ್ಪಳದ ಬಗ್ಗೆ ಬರದಿದ್ದೆ. ಈ ಸಲ ಕಾರಿನ ಬಗ್ಗೆ. "ನಿಂಗೆ ಕಾರು ಬಿಡ್ಲೆ ಬತ್ತನೆ?" ಹೇಳಿ ಕೇಳಡಿ. ಬತ್ತಿಲ್ಲೆ. ಆದ್ರೆ ಅದ್ರಲ್ಲಿ ಕೂತ್ಗಂಡು ಜೀವ ಕೈಯಲ್ಲಿ ಹಿಡ್ಕಂಬ್ಲೆ 1998ರಿಂದ ಬತ್ತು.

ಆ ವರ್ಷ ಇವ್ರು ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಕಾಂಟೆಸ್ಸಾ ತಂದ್ರು. ಕುಮಟೆ-ಹೊನ್ನಾವರದ ಮಧ್ಯೆ ನಮ್ಮೂರು. ಊರಲ್ಲಿ ಅಷ್ಟು ಉದ್ದದ ಕಾರು ಬೇರೆ ಇದ್ದಿರ್ಲಿಲ್ಲೆ. ಭಟ್ಕಳದಿಂದ ಮದುಮಗಳನ್ನ ಕರ್ಕಂಡು ಬಂದಿದ್ದು, ಬಾಳಂತಿಯನ್ನ ಆಸ್ಪತ್ರೆಯಿಂದ ತಂದಿದ್ದು, ಡಿಕ್ಕಿ ತುಂಬ ಹಲಸಿನಹಣ್ಣು ಹೊತ್ತಿದ್ದು ಎಲ್ಲಾ ಅದೇಯ. ಈಗ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದು. ತಿಂಗಳಿಗೆ ಎರಡು ಸಲ ಹೊರಗೆ ಬಂದ್ರೆ ಹೆಚ್ಚು.

ಚೌತಿಗೆ ಬಂದ ಮಾಣಿ ಅದ್ರ ಬಾನೆಟ್ ಎತ್ತಿ ನೋಡ್ದ. ಊಟಕ್ಕೆ ಕೂತಾಗ ಸುದ್ದಿ ತೆಗ್ದ.

"ಆಯಿ, ಇದಕ್ಕೆ ಟರ್ಬೊ ಇಪ್ಪ ಎಂಜಿನ್ ಕೂರ್ಸದು. ಸೈಲೆನ್ಸರ್ ಬದಲ್ಸದು, ಸ್ವಲ್ಪ ತಗ್ಗು ಮಾಡದು. ಎಲ್ಲಾ ಸೇರಿ ನಾಲ್ಕು ಲಕ್ಷ ಆಗ್ತು. ಮತ್ತೆ ನೋಡು ಹೆಂಗೆ ಓಡ್ತು ಹೇಳಿ!"

ಇವ್ರು ಬೈತ್ರು ಹೇಳಿ ನಾ ಕಾದೆ. ಇವ್ರ ಮುಖ ನೋಡಿದ್ರೆ ಇಪ್ಪತ್ತೈದರ ಹುಡುಗ ಆಗಿಹೋಗಿದ್ರು. ಅಪ್ಪ-ಮಗ ಒಂದೇ ಪಕ್ಷ. ಅಡಕೆ ದುಡ್ಡಿನ ಪಾಸ್‌ಬುಕ್ಕು ಮಾತ್ರ ನನ್ನ ಕಪಾಟಿನಲ್ಲಿ.

ಹಳೆ ಕಾರನ್ನ ಮುಟ್ಟಲೇಬಾರದು ಹೇಳವಳು ನಾನಲ್ಲ. ಕಾಂಟೆಸ್ಸಾವನ್ನ ಮಾಡಿದ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯೇ ಈ ಕೆಲಸ ಮಾಡಿದ್ದು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಅಚ್ಚು ತಂದು 1984ರಲ್ಲಿ ಇದನ್ನ ಪೇಟೆಗೆ ಬಿಟ್ಟಾಗ, ಒಳಗಿದ್ದದ್ದು ಅಂಬಾಸಿಡರಿನ 1.5 ಲೀಟರ್ ಎಂಜಿನ್. ಶಕ್ತಿ ಸುಮಾರು 50 ಕುದುರೆ. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಹೃದಯ! ಮುಂದೆ ಕಂಪನಿಯೇ ಜಪಾನಿನ ಇಸುಜು 1.8 ಎಂಜಿನ್ನನ್ನ ಐದು ಗೇರಿನ ಸಂಗಡ ಹಾಕಿತು. ಕುದುರೆ 88 ಆತು. ನಮ್ಮದು ಅದೇ. ಹಾಗಾಗಿ ಬದಲಾಯ್ಸದು ಪಾಪ ಅಲ್ಲ. ಯಾವ್ದನ್ನ ಮೊದ್ಲು ಬದಲಾಯ್ಸದು ಹೇಳದೇ ಪ್ರಶ್ನೆ.

ಅಡುಗೆಮನೆ ಮಾತಿನಲ್ಲಿ ಹೇಳ್ತೆ. ಹಳೆ ಕುಕ್ಕರು ಇದ್ದು. ಗ್ಯಾಸ್ಕೆಟ್ಟು ಸಡ್ಲ, ಸೇಫ್ಟಿ ವಾಲ್ವು ಯಾವ ಕಾಲದ್ದೋ. ಬೇಗ ಬೇಯವು ಹೇಳಿ ಅದಕ್ಕೆ ಭಾರದ ವಿಸಿಲ್ ಹಾಕಿ, ಉರಿ ದೊಡ್ಡದು ಮಾಡಿದ್ರೆ ಎಂತ ಆಗ್ತು? ಅನ್ನ ಬೇಗ ಬೆಂದರೂ ಬೇಯ್ಗು, ಇಲ್ಲೆ ಅಂದ್ರೆ ಅದು ಮಾಡಿಗೆ ಹೋಗ್ತು. ಹಳೆ ಕಾರಿಗೆ ಟರ್ಬೊ ಹಾಕದೂ ಹಾಂಗೇಯ.

ನಾ ಕಂಡು ಅನುಭವಿಸಿದ್ದು ಹೇಳವು. 2012ರ ಶಿರಸಿ ಮಾರಿಕಾಂಬಾ ಜಾತ್ರೆ. ಅದಕ್ಕೂ ಎರಡು ತಿಂಗಳು ಮೊದ್ಲು ಒಬ್ಬ ಮೆಕ್ಯಾನಿಕ್ ಹತ್ರ ಇವ್ರು 'ಪಿಕಪ್' ಕೆಲಸ ಮಾಡ್ಸಿದ್ರು. ಕಾರ್ಬ್ಯುರೇಟರ್ ಬದಲು, ಅದು ಇದು. ಕಾರು ಹಾರಿದ ಹಾಂಗೆ ಹೋಗ್ತಿತ್ತು, ಸುಳ್ಳು ಹೇಳ್ತಿಲ್ಲೆ. ಬ್ರೇಕು ಯಾರೂ ನೋಡಿದ್ದಿಲ್ಲೆ. ಜಾತ್ರೆ ಮುಗ್ಸಿ ವಾಪಸ್ ಬಪ್ಪಾಗ ದೇವಿಮನೆಯಲ್ಲಿ ನಿಂತು ಕೈ ಮುಗ್ದು ಘಟ್ಟ ಇಳಿಲೆ ಶುರು ಮಾಡಿದ್ವು. ಹಿಂದೆ ನಾನು, ಅತ್ತೆ, ಮಧ್ಯೆ ಮಾಣಿ. ಐದಾರು ತಿರುವು ಆಯ್ದಿಲ್ಲೆ, ಸುಟ್ಟ ವಾಸನೆ ಬಂತು. ಇವ್ರು ಬ್ರೇಕ್ ಒತ್ತಿದ್ರೆ ಪೆಡಲ್ಲು ಮೆತ್ತಗೆ ತಳಕ್ಕೇ ಹೋತು. ಎದುರಿಗೆ ಲಾರಿ. ಇವ್ರು ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳ್ದು, ಕಾರನ್ನ ಗುಡ್ಡೆ ಬದಿಯ ಧರೆಗೆ ಉಜ್ಜಿ ನಿಲ್ಸಿದ್ರು. ಎಡಬದಿ ಬಾಗಿಲು ಪೂರಾ ಹೋತು. ಇನ್ನೊಂದು ಬದಿಗೆ ಕಣಿವೆ ಇತ್ತು. ಅತ್ತೆ ಮನೆ ಮುಟ್ಟವರೆಗೂ ಒಂದು ಮಾತು ಆಡಿದ್ದಿಲ್ಲೆ. ಜಾತ್ರೆಲಿ ತಗಂಡ ಬಳೆ ಕೈಯಲ್ಲೇ ಒಡದಿತ್ತು.

ಕಾರಣ ಆಮೇಲೆ ತಿಳ್ಕಂಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿದ್ದ ನೀರನ್ನ ಎಳ್ಕಳ್ತು, ನಮ್ಮ ಮಳೆಗಾಲದ ಉಪ್ಪಿನ ಹಾಂಗೆ. ಡಾಟ್-3 ಹೇಳ ಹೊಸ ಆಯಿಲ್ 205 ಡಿಗ್ರಿವರೆಗೂ ಕುದೀದೇ ತಡೀತು. ನೀರು ಸೇರಿದ್ಮೇಲೆ 140ಕ್ಕೇ ಕುದೀಲೆ ಸಾಕು. ಘಟ್ಟದಲ್ಲಿ ಒತ್ತಿ ಒತ್ತಿ ಬ್ರೇಕು ಕಾದಾಗ ಒಳಗೆ ಕುದ್ದು ಗುಳ್ಳೆ ಏಳ್ತು. ಗುಳ್ಳೆಯನ್ನ ಒತ್ತಿದ್ರೆ ಚಕ್ರ ನಿಲ್ಲತಿಲ್ಲೆ. ನಮ್ಮ ಕಾರಿನ ಆಯಿಲ್ ಬದಲ್ಸಿ ಎಷ್ಟು ವರ್ಷ ಆಗಿತ್ತು ಹೇಳದು ಇವಕ್ಕೂ ನೆನಪಿರ್ಲಿಲ್ಲೆ.

ಇನ್ನೊಂದು ಲೆಕ್ಕ. ಅರವತ್ತರಲ್ಲಿ ಹೋಪ ಕಾರು ತೊಂಬತ್ತರಲ್ಲಿ ಹೋದ್ರೆ ವೇಗ ಒಂದೂವರೆ ಪಟ್ಟು. ಆದ್ರೆ ನಿಲ್ಲಿಸುವಾಗ ಬ್ರೇಕು ನುಂಗವಾದ ಶಕ್ತಿ ಎರಡೂ ಕಾಲು ಪಟ್ಟು. ಪಿಯುಸಿಯಲ್ಲಿ ಓದಿದ್ದು, ಆಗ ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ದೇವಿಮನೆ ಘಟ್ಟದಲ್ಲಿ.

ಮಾಣಿ ಸುಮ್ನೆ ಒಪ್ಪವ ಅಲ್ಲ. "ಆಯಿ, ಲಾರಿ ದಾಟ್ಲೆ ಶಕ್ತಿ ಬೇಕು. ಅರ್ಧಕ್ಕೆ ಉಸಿರು ಕಟ್ಟಿದ್ರೆ ಅದೇ ಅಪಾಯ ಅಲ್ದ?" ಹೇಳಿ ಕೇಳ್ದ. ನ್ಯಾಯದ ಮಾತು. ನಾನೂ ಒಪ್ಪಿದೆ. ಆದ್ರೆ ಹೈವೇ ಅಗಲ ಆದ್ಮೇಲೂ ಮಂಕಿ, ಮುರ್ಡೇಶ್ವರದ ಹತ್ರ ದನ ಅಡ್ಡ ಬಪ್ಪದು, ಬೈಕು ಎದುರಿಂದ ಬಪ್ಪದು ನಿಂತಿದ್ದ? 2019ರಿಂದ ಹೊಸ ಕಾರಿಗೆಲ್ಲ ಎಬಿಎಸ್ಸೂ ಚಾಲಕನ ಏರ್‌ಬ್ಯಾಗೂ ಕಡ್ಡಾಯ. ನಮ್ಮ ಕಾಂಟೆಸ್ಸಾಕ್ಕೆ ಎರಡೂ ಇಲ್ಲೆ. ಎಂಜಿನ್ ದುಡ್ಡು ಕೊಟ್ರೆ ಸಿಕ್ತು, ಅವೆರಡನ್ನ ಹಳೆ ಮೈಗೆ ಹೊಲಿಲೆ ಆಗ್ತಿಲ್ಲೆ. ಹೊಸ ಕಾರಿನ ವೇಗ ಬೇಕು ಹೇಳವು ಅದನ್ನೂ ನೆನಪು ಮಡಿಕ್ಯಳವು.

ಕಾನೂನೂ ಇದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿ ಇಪ್ಪ ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯ್ಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ತಪ್ಪಿದ್ರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಲಕ್ಕು. ನಮ್ಮ ಕಾರಿಗೆ 15 ವರ್ಷ ಎಂದೋ ಆತು, ಐದೈದು ವರ್ಷಕ್ಕೊಂದು ಸಲ ಹೊನ್ನಾವರದ ಆರ್‌ಟಿಒಗೆ ತೋರ್ಸಿ ನವೀಕರಣ ಮಾಡ್ಸವು. ಅಲ್ಲಿ ಬೇರೆ ಎಂಜಿನ್ ಕಂಡ್ರೆ? ಅಪಘಾತ ಆದಾಗ ವಿಮೆಯವ್ರು ಅದನ್ನೇ ಹಿಡ್ಕಂಡ್ರೆ? ಎಂಜಿನ್ ಬದಲ್ಸದೇ ಆದ್ರೆ ಮೊದ್ಲು ಬರದು ಅನುಮತಿ ಕೇಳಿ, ಕಾಗದ ಕೈಗೆ ಬಂದ ಮೇಲೆ ಸ್ಪ್ಯಾನರ್ ಹಿಡೀರಿ ಹೇಳಿದೆ.

ನಾಲ್ಕು ಲಕ್ಷದ ಬದಲು ನಾ ಒಂದು ಚೀಟಿ ಬರದುಕೊಟ್ಟೆ. ಬ್ರೇಕಿನ ಆಯಿಲ್, ರಬ್ಬರ್ ಪೈಪು, ಪ್ಯಾಡ್ ಎಲ್ಲಾ ಹೊಸತು. ಟಯರ್ ನಾಲ್ಕೂ ಹೊಸತು. ಹಳೇದ್ರ ಬದಿಯಲ್ಲಿದ್ದ ನಾಲ್ಕು ಅಂಕಿ ನೋಡಿದ್ರೆ ಹತ್ತನೇ ವಾರ, 2011ನೇ ವರ್ಷ! ನೋಡ್ಲೆ ಚಂದ ಇತ್ತು, ಬೆರಳಲ್ಲಿ ಒತ್ತಿದ್ರೆ ಬಿರುಕು. ಕೆಳಗೆ ಹೊಕ್ಕು ತುಕ್ಕು ನೋಡದು. ಸಮುದ್ರದ ಗಾಳಿ ಎಲ್ಲಿ ತಿಂದಿದ್ದು ಹೇಳಿ ಮೇಲಿಂದ ಕಾಣ್ತಿಲ್ಲೆ. ಸಸ್ಪೆನ್ಷನ್ ಬುಷ್ಷು, ಸ್ಟೇರಿಂಗಿನ ಜಾಯಿಂಟು. ರೇಡಿಯೇಟರ್ ತೊಳ್ಸಿ, ಬಾವಿ ನೀರಿನ ಬದಲು ಕೂಲಂಟು. ಕಡೆಗೆ ಪ್ಲಗ್ಗು, ಏರ್ ಫಿಲ್ಟರ್, ವಾಲ್ವಿನ ಸಂದು ಸರಿ ಮಾಡದು. ತಗ್ಗು ಮಾಡದು ಮಾತ್ರ ಬೇಡ. ನಮ್ಮನೆ ಓಣಿಯ ಚಿರೆಕಲ್ಲಿಗೆ ಈಗ್ಲೇ ಹೊಟ್ಟೆ ತಾಗ್ತು.

ದೀಪಾವಳಿ ಮೊದ್ಲು ಎಲ್ಲಾ ಮುಗ್ತು. ಎಪ್ಪತ್ತೆಂಟು ಸಾವಿರ ಆತು, ಕಮ್ಮಿ ಅಲ್ಲ. ಕೆಳಗೆ ಒಂದು ಕಡೆ ತಗಡು ಕೈ ಹಾಕಿದ್ರೆ ಪುಡಿ ಆಗ್ತಿತ್ತಡ. ಸಸ್ಪೆನ್ಷನ್ ಬೋಲ್ಟ್ ಹಾಕ ಜಾಗದಲ್ಲೇಯ. ಅದ್ರ ಮೇಲೆ ಟರ್ಬೊ ಎಂಜಿನ್ನಿನ ಎಳೆತ ಬಿದ್ದಿದ್ರೆ ಎಂತಾಗ್ತಿತ್ತು ಹೇಳಿ ಮಾಣಿಯೇ ಹೇಳ್ದ, ನಾ ಕೇಳಿದ್ನಿಲ್ಲೆ.

ಮರುದಿನ ಗೇರಸೊಪ್ಪೆ ಮೇಲೆ ಮಾವಿನಗುಂಡಿಗೆ ಹೋಗಿ ಬಂದ್ವು. ಮೊದ್ಲೆಲ್ಲಾ ಆ ಘಟ್ಟದಲ್ಲಿ ಒಂದು ಸಲ ನಿಲ್ಸಿ, ಬಾನೆಟ್ ಎತ್ತಿ, ನೀರು ಹೊಯ್ಯದೇ ರೂಢಿ. ಈ ಸಲ ನಿಲ್ಸಿದ್ದು ಚಾ ಕುಡಿಲೆ ಮಾತ್ರ. ಇಳಿವಾಗ ಮಾಣಿ ಎರಡನೇ ಗೇರಲ್ಲೇ ತಂದ. ಮೊಮ್ಮಗಳು ನನ್ನ ತೊಡೆ ಮೇಲೆ ನಿದ್ದೆ ಮಾಡಿತ್ತು.

ಅಪ್ಪ-ಮಗ ಎಂಜಿನ್ ಆಸೆ ಬಿಟ್ಟಿದ್ವಿಲ್ಲೆ. ಆರ್‌ಟಿಒಗೆ ಅರ್ಜಿ ಬರೀತಾ ಇದ್ದ. ಬರೀಲಿ. ಪಾಸ್‌ಬುಕ್ಕು ಸದ್ಯ ಕಪಾಟಿನಲ್ಲೇ ಇದ್ದು.

ನಿಮ್ಮನೆ ಕಾರಿನ ಬ್ರೇಕ್ ಆಯಿಲ್ ಬದಲ್ಸಿದ್ದು ಯಾವಾಗ? ಮನೆ ಗಂಡಸ್ರ ಹತ್ರ ಇವತ್ತೇ ಕೇಳಿ. "ಅದು ಸರಿ ಇದ್ದು" ಹೇಳಿದ್ರೆ ಬಿಡಡಿ, ವರ್ಷ ಹೇಳ್ಸಿ. ಎರಡು ದಾಟಿದ್ರೆ ನಾಡಿದ್ದೇ ಬದಲ್ಸಿ.