ಹೆಣ್ಣುಮಕ್ಕಳೂ ಚಲಚ್ಚಿತ್ರಗಳೂ

ಹೆಣ್ಣುಮಕ್ಕಳು ಚಲಚ್ಚಿತ್ರಗಳನ್ನು ನೋಡಬಹುದೋ ಕೂಡದೋ ಎಂದು ತಾಯ್ತಂದೆಗಳು ನಮ್ಮನ್ನು ಕೇಳುವುದುಂಟು. ಕೂಡದೆಂದೇ ನಾವು ಬಹುಕಾಲ ಉತ್ತರವಿತ್ತೆವು. ಈಚೆಗೆ ನೋಡಿದ ಎರಡು ಕನ್ನಡ ಚಿತ್ರಗಳು ನಮ್ಮ ಆ ಅಭಿಪ್ರಾಯವನ್ನು ಕದಲಿಸಿದವು.

ಮೊದಲನೆಯದು, ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಶ್ರೀಮತಿ ಪ್ರೇಮಾ ಕಾರಂತರು ನಿರ್ದೇಶಿಸಿದ ‘ಫಣಿಯಮ್ಮ’ (1983). ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವಿಧವೆಯಾದ ಫಣಿಯಮ್ಮನು ಬಾಳೆಲ್ಲವನ್ನೂ ಪರರ ಸೇವೆಯಲ್ಲಿ ಸವೆಸುತ್ತಾಳೆ. ಹೆರಿಗೆಯ ಸಂಕಟದಲ್ಲಿರುವ ಬಡವೆಗೆ ಜಾತಿಯನ್ನೆಣಿಸದೆ ನೆರವಾಗುತ್ತಾಳೆ. ತಾನು ಮೌನವಾಗಿ ಸಹಿಸಿದ ಕೇಶಮುಂಡನವನ್ನು ಕಿರಿಯ ವಿಧವೆಯೊಬ್ಬಳು ನಿರಾಕರಿಸುವಾಗ ಆ ಕಿರಿಯಳ ಪಕ್ಷವನ್ನೇ ವಹಿಸುತ್ತಾಳೆ. ‘ನಾವು ಸಹಿಸಲಿಲ್ಲವೇ? ನೀವೂ ಸಹಿಸಿರಿ’ ಎನ್ನುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಪಾಠವುಂಟೇ?

ಎರಡನೆಯದು, ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ತೆಗೆದ ‘ಗುಲಾಬಿ ಟಾಕೀಸ್’ (2008). ಉಮಾಶ್ರೀಯವರು ಅಭಿನಯಿಸಿದ ಗುಲಾಬಿಯು ಕರಾವಳಿಯ ಮೀನುಗಾರರ ಊರಿನ ಮುಸಲ್ಮಾನ ಸೂಲಗಿತ್ತಿ. ಅವಳಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳಿಗೊಂದು ಟೆಲಿವಿಷನ್ ದೊರೆಯುತ್ತದೆ. ನೆರೆಯ ಹೆಂಗಸರು ಅವಳ ಮನೆಯಲ್ಲಿ ಕೂಡತೊಡಗುತ್ತಾರೆ. ಅವರಲ್ಲೊಬ್ಬ ತರುಣಿಯು ಕಾಣೆಯಾದೊಡನೆ ಅಪರಾಧವೆಲ್ಲ ಗುಲಾಬಿಯ ತಲೆಯ ಮೇಲೆ ಬೀಳುತ್ತದೆ. ತುಂಬಿದ ಊರಿನಲ್ಲಿ ಆ ತರುಣಿಯು ಎಷ್ಟು ಒಂಟಿಯಾಗಿದ್ದಳೆಂದು ವಿಚಾರಿಸುವವರಿಲ್ಲ.

ಇದನ್ನು ನೋಡುವಾಗ ನಮ್ಮದೇ ತಪ್ಪೊಂದು ನೆನಪಿಗೆ ಬಂದಿತು. ಹಲವು ವರ್ಷಗಳ ಹಿಂದೆ ಬೋರ್ಡಿಂಗಿನ ಹುಡುಗಿಯೊಬ್ಬಳು ಅಪ್ಪಣೆಯಿಲ್ಲದೆ ಸಿನಿಮಾಕ್ಕೆ ಹೋಗಿ ಬಂದಳು. ನಾವು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಗದರಿಸಿದೆವು. ಯಾವ ಚಿತ್ರವೆಂದಾಗಲಿ, ಏತಕ್ಕಾಗಿ ಹೋದೆಯೆಂದಾಗಲಿ ಕೇಳಲಿಲ್ಲ. ರಜೆ ಕಳೆದ ಮೇಲೆ ಅವಳು ಶಾಲೆಗೆ ಮರಳಲಿಲ್ಲ. ಈ ಪುಟವು ಅವಳ ಕಣ್ಣಿಗೆ ಬಿದ್ದರೆ, ತಪ್ಪು ಅವಳದಕ್ಕಿಂತ ನಮ್ಮದೇ ಹೆಚ್ಚಿನದೆಂದು ಅವಳು ತಿಳಿಯಲಿ.

ಎಲ್ಲಾ ಚಿತ್ರಗಳೂ ಒಳ್ಳೆಯವೆಂದು ನಾವು ಹೇಳುವವರಲ್ಲ. ಹುರುಳಿಲ್ಲದವು ಬಹಳ, ವಯಸ್ಸಿಗೆ ತಕ್ಕವುಗಳನ್ನು ಆರಿಸಿಕೊಡುವ ಹೊಣೆ ಹಿರಿಯರದು. ಆದರೆ ಇಂದು ಚಿತ್ರಮಂದಿರವು ಮಕ್ಕಳ ಅಂಗೈಯ ಫೋನಿನಲ್ಲಿಯೇ ಇರುವಾಗ ಬಾಗಿಲಿಗೆ ಬೀಗ ಹಾಕಿ ಫಲವೇನು? ಆದಕಾರಣ ಪ್ರಿಯ ತಾಯ್ತಂದೆಗಳೇ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ತಿಂಗಳಿಗೊಮ್ಮೆಯಾದರೂ ಮಗಳ ಪಕ್ಕದಲ್ಲಿ ಕುಳಿತು ಒಂದು ಒಳ್ಳೆಯ ಚಿತ್ರವನ್ನು ನೋಡಿರಿ. ಮುಗಿದ ಬಳಿಕ ‘ನಿನಗೇನು ತೋಚಿತಮ್ಮಾ?’ ಎಂದು ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿರಿ. ಬುದ್ಧಿವಾದವನ್ನು ಆಮೇಲೆ ಹೇಳಬಹುದು.