ಹೂಗು ತಿಂಬಲಕ್ಕು, ಗುರ್ತ ಇದ್ದರೆ

ಓ ಮನ್ನೆ ಆದಿತ್ಯವಾರ ಪುಳ್ಳಿ ಕೂಸು ಪೇಟೆಂದ ಬಂದಿತ್ತು. ಮಧ್ಯಾಹ್ನಕ್ಕೆ ಆನು ಕೇಪಳ ಹೂಗಿನ ತಂಬುಳಿ ಮಾಡಿದ್ದೆ. ಕೂಸಿಂಗೆ ಭಾರೀ ಕೊಶಿ ಆತು, ಎರಡು ಸರ್ತಿ ಬಳುಸಿಗೊಂಡತ್ತು. ಹೊತ್ತೋಪಗ ಎನಗೆ ಆಶ್ಚರ್ಯ ಮಾಡೆಕ್ಕು ಹೇಳಿ, ಒಳುದ ಪಾಯಸದ ಮೇಗೆ ನಸುಗೆಂಪು ಎಸಳು ಉದುರ್ಸಿ ತಂದು ಮಡುಗಿತ್ತು. ನೋಡಿದರೆ ಕಣಗಿಲೆ! ಎನ್ನ ಎದೆ ಧಸಕ್ಕ ಹೇಳಿತ್ತು.

“ಮಧ್ಯಾಹ್ನ ನೀನೂ ಹೂಗು ಹಾಕಿತ್ತಿದ್ದೆ ಅಲ್ದಾ ಅಜ್ಜೀ?” ಹೇಳಿ ಕೇಳಿತ್ತು.

ಪುಣ್ಯಕ್ಕೆ ಆರೂ ಬಾಯಿಗೆ ಮಡುಗಿತ್ತಿದ್ದವಿಲ್ಲೆ. ದನ ಮೂಸುಲಾಗ ಹೇಳಿ ಪಾಯಸವ ಗುಂಡಿ ತೆಗದು ಹುಗುದೆ. ಕೂಸಿಂಗೆ ಬೈದ್ದಿಲ್ಲೆ. ತಪ್ಪು ಎನ್ನದು. ರುಚಿ ತೋರ್ಸಿದೆ, ಗೆಡುವಿನ ಗುರ್ತ ತೋರ್ಸಿದ್ದಿಲ್ಲೆ.

ಕಣಗಿಲೆಗೆ ಮಲೆಯಾಳಲ್ಲಿ ಅರಳಿ ಹೇಳ್ತವು. ನಮ್ಮ ಅಶ್ವತ್ಥದ ಅರಳಿ ಅಲ್ಲ, ಇದು ಬೇರೆ. ಇದರ ಎಲೆ, ಹೂಗು, ಬೇರು ಎಲ್ಲವೂ ವಿಷವೇ. ಹೃದಯದ ಬಡಿತವನ್ನೇ ಹಾಳುಮಾಡ್ತು. 2024ರ ಮೇ ತಿಂಗಳಿಲಿ ಕೇರಳದ ತಿರುವಾಂಕೂರು ದೇವಸ್ವಂ ಬೋರ್ಡು, ನೈವೇದ್ಯಕ್ಕೂ ಪ್ರಸಾದಕ್ಕೂ ಅರಳಿ ಹೂಗು ಬೇಡ ಹೇಳಿ ತೀರ್ಮಾನ ಮಾಡಿತ್ತು. ಪೂಜಗೆ ಅಡ್ಡಿ ಇಲ್ಲೆ ಹೇಳಿದವು. ಸರಿಯಾದ ಮಾತು. ದೇವರ ತಲಗೆ ಅಪ್ಪದೆಲ್ಲ ನಮ್ಮ ಬಾಯಿಗೆ ಆಗ.

ಹಾಂಗೇಳಿ ಹೆದರಿ ಹೂಗಿನ ಅಡಿಗೆಯನ್ನೇ ಬಿಡುಲಾಗ, ಅಕ್ಕಂದ್ರೆ. ಒಂದು ಮುಷ್ಟಿ ಕೇಪಳ ಹೂಗಿನ ರಜ ಜೀರಿಗೆ, ನಾಲ್ಕು ಗೆಣಮೆಣಸಿನೊಟ್ಟಿಂಗೆ ತುಪ್ಪಲ್ಲಿ ಹೊರುದು, ಕಾಯಿ ಹಾಕಿ ಕಡದು, ಮಜ್ಜಿಗೆ ಸೇರ್ಸಿದರೆ ಊಟಕ್ಕೆ ಬೇರೆಂತದೂ ಬೇಡ. ದಾಸನ ಹೂಗಿನ ತೊಟ್ಟು, ನಡುವಿನ ಕೇಸರ ತೆಗದು, ಎಸಳಿನ ಅಕ್ಕಿಯೊಟ್ಟಿಂಗೆ ಕಡದರೆ ದೋಸೆ ಮೆತ್ತಂಗೆ ಆವ್ತು. ಚೀನಿಕಾಯಿ ಹೂಗಿನ ಪೋಡಿ ಮಕ್ಕೊಗೆ ಜೀವ. ಆದರೆ ಗೆಂಡು ಹೂಗಿನ ಮಾಂತ್ರ ಕೊಯ್ಯೆಕ್ಕು. ಅದಕ್ಕೆ ಉದ್ದ ಸಪೂರ ತೊಟ್ಟು. ಹೆಣ್ಣು ಹೂಗಿನ ಬುಡಲ್ಲಿ ಸಣ್ಣ ಮಿಡಿ ಇರ್ತು. ಗೆಂಡಿನನ್ನೂ ಪೂರ ಕೊಯ್ವಲಾಗ, ಜೇನುನೊಣಕ್ಕೆ ನಾಲ್ಕು ಒಳಿಶೆಕ್ಕು. ಇಲ್ಲದ್ರೆ ಪೋಡಿ ಸಿಕ್ಕುಗು, ಕಾಯಿ ಸಿಕ್ಕ.

ಇನ್ನೊಂದು ಮಾತು. ಪೇಟೆಂದ ತಂದ ಮಾಲೆಯ ಹೂಗು, ನರ್ಸರಿಲಿ ಈಗಷ್ಟೇ ತಂದ ಗೆಡುವಿನ ಹೂಗು ಅಡಿಗೆಗೆ ಬೇಡ. ಅದು ನೋಡುಲೆ ಬೆಳೆಶಿದ್ದು, ತಿಂಬಲೆ ಅಲ್ಲ. ಎಂತ ಮದ್ದು ಬಿಟ್ಟಿದವು ಹೇಳಿ ಆರಿಂಗೆ ಗೊಂತಿದ್ದು? ಚೆಂದಕ್ಕೆ ಹೂಗು ಉದುರ್ಸುವ ಫೊಟೊ ನೋಡಿ ನಾವೂ ಹಾಂಗೆ ಮಾಡುವ ಮದಲು ಇದರ ಗ್ರೇಶೆಕ್ಕು.

ಎನ್ನ ಅಭಿಪ್ರಾಯ ಇಷ್ಟೆ: ಮಕ್ಕೊಗೆ ಹೂಗಿನ ತಂಬುಳಿ ಬಳುಸುವ ಮದಲು ಅವರ ಜಾಲಿಂಗೆ ಕರಕ್ಕೊಂಡು ಹೋಗಿ. ತಿಂಬಲಪ್ಪದರ ತೋರ್ಸಿ, ತಿಂಬಲಾಗದ್ದರ ಅದರಿಂದಲೂ ಮದಲು ತೋರ್ಸಿ. ಕಣಗಿಲೆ, ಉಮ್ಮತ್ತ ಯೇವದು ಹೇಳಿ ಗೊಂತಿಪ್ಪ ಕೂಸು ಕೇಪಳವ ಧೈರ್ಯಲ್ಲಿ ಕೊಯ್ಗು.

ಮರದಿನ ಉದಿಯಪ್ಪಗ ಎಂಗೊ ಇಬ್ರೂ ಜಾಲಿಂಗೆ ಒಂದು ಸುತ್ತು ಬಂದೆಯ°. ಹೋಪಗ ಕೂಸು ಎಂಟು ಗೆಡುವಿನ ಹೆಸರು ಬಾಯಿಪಾಠ ಹೇಳಿತ್ತು. ಕಣಗಿಲೆಯ ಹತ್ರೆ ಮಾಂತ್ರ ಕೈ ಹಿಂದೆ ಕಟ್ಟಿ ನಿಂದತ್ತು.